ಕೂಗದ ಕಡ್ಡಿ

ನಮ್ಮ ಬೆಟಗೇರಿಯ ಮನೆಯಲ್ಲಿ ಹೊರಗಿನ ಖೋಲಿಗೂ ಅಡಿಗೆಮನೆಗೂ ನಡುವೆ ಇದ್ದದ್ದು ಒಂದು ಪಡಸಾಲೆ, ಎರಡು ಹೊಸ್ತಿಲು. ಆದರೂ ಚಿಕ್ಕವಳಿದ್ದಾಗ ನನಗೆ ಅವು ಎರಡು ಬೇರೆ ಊರುಗಳಂತೆ ಕಾಣುತ್ತಿದ್ದವು. ಹೊರಗಿನ ಖೋಲಿಯಲ್ಲಿ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ. ಅಲ್ಲಿ ರಾಳ ಸುಟ್ಟ ವಾಸನೆ, ಬಿಚ್ಚಿಟ್ಟ ರೇಡಿಯೋಗಳ ಬೆಚ್ಚನೆಯ ಧೂಳಿನ ವಾಸನೆ, ಅರ್ಧಕ್ಕೇ ನಿಂತು ಮತ್ತೆ ಶುರುವಾಗುವ ಯಾವುದೋ ಹಾಡು. ಅಡಿಗೆಮನೆ ಅಪ್ಪನ ತಾಯಿಯದು. ಅವಳನ್ನು ನಾವು ಆಯಿ ಅನ್ನುತ್ತಿದ್ದೆವು. ಅಲ್ಲಿ ಒಲೆಯ ಹೊಗೆ, ಕುಟ್ಟಿದ ಖಾರ, ತಂತಿಯ ಮೇಲೆ ಒಣಹಾಕಿದ ಮಡಿಸೀರೆ. ಹೊರಗಿನ ಖೋಲಿಯ ಒಂದು ಸ್ಕ್ರೂ ಕೂಡ ಒಳಗಿನ ಹೊಸ್ತಿಲು ದಾಟಬಾರದೆಂಬುದು ಮನೆಯ ಕಾಯಿದೆ. ಯಾರ್ಯಾರೋ ಮುಟ್ಟಿದ ವಸ್ತು, ಅದಕ್ಕೆ ಆಯಿಗೆ ಅದು ಮೈಲಿಗೆ. ಅಪ್ಪನಿಗೆ ಮೈಲಿಗೆಯಲ್ಲಿ ನಂಬಿಕೆ ಇರಲಿಲ್ಲ. ಆದರೆ ತಂತಿ ಬೆಸೆಯುವ ಸೋಲ್ಡರ್ ಮುಟ್ಟಿದ ಕೈಯನ್ನು ಹಿತ್ತಲ ಕಲ್ಲಿನ ಮೇಲೆ ಸಬಕಾರ ಹಚ್ಚಿ ತೊಳೆಯದೆ ನೀರಿನ ತಂಬಿಗೆಯನ್ನೂ ಮುಟ್ಟಬಾರದೆಂದು ಅವನೂ ಹೇಳುತ್ತಿದ್ದ. ಯಾಕೆಂದು ಕೇಳಿದರೆ, "ಅದು ಹೊಟ್ಟಿಗೆ ಒಳ್ಳೇದಲ್ಲ" ಅಂತ ಅಷ್ಟೇ. ಉಳಿದೆಲ್ಲ ಮಾತಿಗೂ ಜಗಳಾಡುವ ತಾಯಿ ಮಗ ಇದೊಂದರಲ್ಲಿ ಒಂದಾಗಿದ್ದರು. ಇಬ್ಬರ ಕಾರಣ ಬೇರೆ ಎಂಬುದನ್ನು ನಾವು ಯಾರೂ ಗಮನಿಸಲಿಲ್ಲ. ಅದನ್ನು ಗಮನಿಸದೆ ಹೋದದ್ದಕ್ಕೆ ನಾನು ಇವತ್ತಿಗೂ ನಡುಗುತ್ತೇನೆ.

ಅಕ್ಕ ನೀಲಾ ಒಳಗಿನವಳು, ನಾನು ಹೊರಗಿನವಳು. ಯಾರೂ ಹೀಗೆಂದು ಹಂಚಿಕೊಟ್ಟಿರಲಿಲ್ಲ. ಅವಳಿಗೆ ಹದ ತಿಳಿಯುತ್ತಿತ್ತು, ನನ್ನ ಕೈ ನಡುಗುತ್ತಿರಲಿಲ್ಲ. ಏಳೆಂಟು ವರ್ಷದವಳಿದ್ದಾಗಲೇ ಅಪ್ಪ ನನ್ನನ್ನು ಎದುರಿಗೆ ಕೂಡಿಸಿಕೊಂಡು ರೇಡಿಯೋದ ಸಣ್ಣ ಸಣ್ಣ ತಂತಿಗಳನ್ನು ಚಿಮಟದಿಂದ ಹಿಡಿಯಲು ಹೇಳುತ್ತಿದ್ದ. ಅವನಿಗೆ ಚಾಳೀಸು ಬಂದ ಮೇಲೆ ಬೆಸೆಯುವ ಕಾದ ಐರನ್ ಎಷ್ಟೋ ಸಲ ನನ್ನ ಕೈಗೇ ಬರುತ್ತಿತ್ತು. ನಾನು ಗದಗಿನ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ಇನ್ನೊಂದು ಕಾಲೇಜಿನವರು ಒಂದು ಹಳೆಯ ಕಂಪ್ಯೂಟರಿನ ಬೋರ್ಡುಗಳನ್ನು ಗೋಣಿಚೀಲದಲ್ಲಿ ಸುತ್ತಿ ಅಪ್ಪನ ಮುಂದೆ ತಂದಿಟ್ಟರು. ಹುಬ್ಬಳ್ಳಿಯ ಯಾವುದೋ ಆಫೀಸು ಬಳಸಿ ಬಿಟ್ಟಿದ್ದ ಯಂತ್ರ, ಇವರಿಗೆ ದಾನವಾಗಿ ಬಂದಿತ್ತು. ಹಸಿರು ಹಲಗೆಗಳ ತುಂಬ ಕರಿ ಚಿಪ್ಪುಗಳು ಸಾಲಾಗಿ ಕೂತಿದ್ದವು, ಕಾಲು ಮಡಚಿದ ಜರಿಹುಳಗಳ ಹಾಗೆ. ಅಪ್ಪ ಕಂಪ್ಯೂಟರನ್ನು ಅದಕ್ಕೆ ಮೊದಲು ಕಂಡವನಲ್ಲ. ಬೋರ್ಡನ್ನು ತಿರುವಿ ಹಿಂಬದಿಯನ್ನು ಬಹಳ ಹೊತ್ತು ನೋಡಿ ಹೇಳಿದ:

"ಇದರ ತಲಿಯೊಳಗ ಏನೈತಿ ನನಗ ಗೊತ್ತಿಲ್ರಿ. ಆದ್ರ ಬೆಸಗಿ ಬೆಸಗೀನ. ಯಾವ ಚಿಪ್ ಕೆಟ್ಟೈತಿ ನೀವು ಹೇಳ್ರಿ, ಅದನ್ನ ನಾವು ತಗದು ಕೊಡ್ತೇವಿ."

ಹಾಕುವುದು ಸುಲಭ, ತೆಗೆಯುವುದು ಕಷ್ಟ ಎಂದು ನಾನು ಕಲಿತದ್ದು ಆ ಮಳೆಗಾಲದಲ್ಲಿ. ಒಂದೊಂದು ಚಿಪ್ಪಿಗೆ ಹದಿನಾರು ಕಾಲು. ಒಂದೊಂದು ಕಾಲೂ ಒಂದು ತೂತಿನಲ್ಲಿ ಇಳಿದು, ವರ್ಷಗಟ್ಟಲೆ ಹಳೆಯದಾದ ಸೋಲ್ಡರಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಆ ಹಳೆಯ ಸೋಲ್ಡರ್ ಹೊಳಪು ಕಳೆದುಕೊಂಡು ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ಐರನ್ನು ಇಟ್ಟರೂ ಕರಗುವುದಿಲ್ಲ. ಹೆಚ್ಚು ಹೊತ್ತು ಇಟ್ಟರೆ ಹಲಗೆಯ ಮೇಲಿನ ತಾಮ್ರದ ಗೆರೆ ಸಿಪ್ಪೆಯಂತೆ ಎದ್ದು ಬರುತ್ತದೆ, ಬೋರ್ಡು ಸತ್ತ ಹಾಗೆ. ಅದಕ್ಕೆ ಅಪ್ಪ ಮೊದಲು ಅದರ ಮೇಲೆ ಚೂರು ಹೊಸ ಸೋಲ್ಡರ್ ತಾಗಿಸುತ್ತಿದ್ದ. ಹೊಸದು ಕರಗಿ ಹಳೆಯದಕ್ಕೆ ಬಿಸಿಯನ್ನು ದಾಟಿಸುತ್ತದೆ, ಎರಡೂ ಕೂಡಿ ಒಂದು ಹನಿಯಾಗಿ ಮಿನುಗುತ್ತವೆ. ಆ ಕ್ಷಣಕ್ಕೆ ನಾನು ಸ್ಪ್ರಿಂಗಿನ ಪಂಪನ್ನು ಅದರ ಮೂತಿಗೆ ಹಿಡಿದು ಗುಂಡಿ ಒತ್ತಬೇಕು. ಟಕ್ ಎಂದು ಹನಿಯನ್ನು ಅದು ಹೀರಿಕೊಳ್ಳುತ್ತಿತ್ತು. ತಳದಲ್ಲಿ ಉಳಿದದ್ದನ್ನು ರಾಳದಲ್ಲಿ ಅದ್ದಿದ ಸಣ್ಣ ತಾಮ್ರದ ತಂತಿಗಳ ಜಡೆಯಿಂದ ಒರೆಸಿ ತೆಗೆಯುತ್ತಿದ್ದೆವು. ಹದಿನೈದು ಕಾಲು ಬಿಟ್ಟಾಗ ಹದಿನಾರನೆಯದನ್ನು ಎಳೆದುಬಿಡುವ ಆತುರ ಬರುತ್ತದೆ. ಆಗೆಲ್ಲ ಅಪ್ಪ ನನ್ನ ಮಣಿಕಟ್ಟಿನ ಮೇಲೆ ಒಂದು ಬೆರಳಿಡುತ್ತಿದ್ದ.

"ತಾನ ಬಿಡೂತನಕ ಎಳೀಬ್ಯಾಡ ಸರೂ. ಬಿಟ್ಟೈತಿ ಅಂತ ನಿನಗ ಅನಸಿದ್ರ ಸಾಲೂದಿಲ್ಲ. ಅಲುಗ್ಯಾಡಿಸಿ ನೋಡು."

ಪಂಪಿನ ಹೊಟ್ಟೆಯಲ್ಲಿ ಕೂಡುತ್ತಿದ್ದ ಹಳೆಯ ಸೋಲ್ಡರಿನ ಚೂರುಗಳನ್ನು ಅಪ್ಪ ಬಿಸ್ಕೀಟಿನ ಡಬ್ಬಿಯಲ್ಲಿ ಸುರಿದಿಡುತ್ತಿದ್ದ. ಡಬ್ಬಿ ತುಂಬಿದಾಗ ಅಂಗಳದಲ್ಲಿ ಇದ್ದಿಲು ಹೊತ್ತಿಸಿ, ಕಬ್ಬಿಣದ ಸೌಟಿನಲ್ಲಿ ಕರಗಿಸಿ, ಮೇಲಿನ ಕಸ ತೆಗೆದು, ಕಬ್ಬಿಣದ ಪಟ್ಟಿಯ ಸಂದಿನಲ್ಲಿ ಹೊಯ್ದು ಬೆರಳುದ್ದದ ಕಡ್ಡಿಗಳನ್ನು ಮಾಡುತ್ತಿದ್ದ. ಬೋರ್ಡಿನ ಕೆಲಸಕ್ಕೆ ಅವು ಬರುವುದಿಲ್ಲ. ಓಣಿಯವರ ಸೋರುವ ಬಕೇಟು, ಕಂದೀಲಿನ ತಳ ಇಂಥವಕ್ಕೆ ಬೆಸೆಯಲು ಸಾಕು. ಕಡ್ಡಿಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಅವನ್ನು ಎಣಿಸಿ ಸಾಲಾಗಿ ಇಡುವುದು ನನ್ನ ಕೆಲಸ, ನನ್ನ ಹೆಮ್ಮೆ.

ಅದೇ ಶ್ರಾವಣದಲ್ಲಿ ಅಕ್ಕ ಮುಂಡರಗಿಯ ಗಂಡನ ಮನೆಯಿಂದ ಬಂದಳು, ಮೊದಲ ಬಸಿರು, ಏಳನೆಯ ತಿಂಗಳು. ಬಂದ ದಿನದಿಂದ ಅವಳಿಗೆ ಹುಳಿಯ ಬಯಕೆ. ಹುಣಸೆಹಣ್ಣಿನ ಚಿಗಳಿ, ಹುಳಿ ಮಜ್ಜಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಆಯಿಯ ಕಟ್ಟಿನ ಸಾರು. ಬೇಳೆ ಬಸಿದ ಕಟ್ಟಿಗೆ ಹುಣಸೆಯ ರಸ ಹಿಂಡಿ ಆಯಿ ಕುದಿಸುವ ಸಾರು ದೊಡ್ಡ ಹಿತ್ತಾಳೆಯ ಪಾತೇಲಿಯಲ್ಲೇ ಆಗಬೇಕಿತ್ತು. ಆ ಪಾತೇಲಿ ಆಯಿ ಮದುವೆಯಾಗಿ ಬರುವಾಗ ಶಿರಹಟ್ಟಿಯಿಂದ ಜೊತೆಗೆ ತಂದದ್ದು. ಅವ್ವ ಹೊಸದಾಗಿ ಸ್ಟೀಲಿನ ಪಾತೇಲಿ ಕೊಂಡಿದ್ದಳು. ಅದರ ಮೇಲೆ ಅತ್ತೆ ಸೊಸೆಗೆ ವಾರಕ್ಕೊಮ್ಮೆ ಮಾತು ಬೆಳೆಯುತ್ತಿತ್ತು. ಸ್ಟೀಲಿನ ಸಾರು ದವಾಖಾನೆಯ ನೀರಿನ ಹಾಗಿರುತ್ತದೆಂದು ಆಯಿ, ತಿಕ್ಕುವವರು ಯಾರೆಂದು ಅವ್ವ. ಆದರೆ ಹಿತ್ತಾಳೆಯಲ್ಲಿ ಹುಳಿ ಕುದಿಸಬೇಕಾದರೆ ಒಳಗೆ ಕಲಾಯಿ ಇರಬೇಕು, ನಮ್ಮ ಪಾತೇಲಿಯ ಕಲಾಯಿ ಹೋಗಿತ್ತು. ಅಕ್ಕನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಎರಡು ದಿನ ಇರುವಾಗ ಕಲಾಯಿಯ ಹಸನಸಾಬ್ ಕಾಕಾ ಓಣಿಗೆ ಬಂದ. ನಾನು ಹುಟ್ಟುವುದಕ್ಕೂ ಮೊದಲಿನಿಂದ ಅವನೇ ನಮ್ಮ ಓಣಿಯ ಪಾತ್ರೆಗಳಿಗೆ ತವರ ಬಳಿಯುತ್ತಿದ್ದ. ಬೇವಿನ ಗಿಡದ ಕೆಳಗೆ ಕುಣಿ ತೋಡಿ, ತಿದಿ ಹೂಡಿ, ಕಾದ ಪಾತ್ರೆಗೆ ನವಸಾಗರದ ಪುಡಿ ಎಸೆದರೆ ಬಿಳಿಯ ಹೊಗೆ ಎದ್ದು ಮೂಗು ಚುರುಗುಟ್ಟುತ್ತಿತ್ತು. ಆ ಹೊಗೆಯೊಳಗೆ ತವರದ ಕಡ್ಡಿ ತಾಗಿಸಿ ಅರಳೆಯಿಂದ ಒಮ್ಮೆ ಸುತ್ತು ಹಾಕಿದನೆಂದರೆ ಪಾತ್ರೆಯ ಒಳಗೆಲ್ಲ ಬೆಳದಿಂಗಳು.

ಅಂದು ಅಪ್ಪ ಒಂದು ಆಂಪ್ಲಿಫಾಯರ್ ಸರಿಮಾಡಲು ಲಕ್ಷ್ಮೇಶ್ವರಕ್ಕೆ ಹೋಗಿದ್ದ. ಓಣಿಯ ಪಾತ್ರೆಗಳೆಲ್ಲ ಮುಗಿದು ನಮ್ಮ ದೊಡ್ಡ ಪಾತೇಲಿ ಉಳಿದಾಗ ಹಸನಸಾಬನ ತವರ ತೀರಿತು.

"ಇದೊಂದು ಉಳೀತ್ರಿ ಆಯಾರ. ಮುಂದಿನ ವಾರ ಬರ್ತೇನಿ. ಕುಬಸದ ಸಾರು ಸ್ಟೀಲಿಂದ್ರಾಗ ಕುದಸ್ರಿ."

"ನೀನೂ ಹಂಗ ಅನ್ನೋ ಹಸನಾ. ಎಲ್ಲಾರೂ ಸ್ಟೀಲ್ ತಗೊಂಡ್ರ ನಿನ್ನ ತಿದಿ ಗಾಳಿ ಯಾರು ಕುಡೀಬೇಕು?" ಆಯಿ ಸುತ್ತ ನೋಡಿದಳು. ಅವಳ ಕಣ್ಣು ನನ್ನ ಮೇಲೆ ನಿಂತಿತು. "ನಿಮ್ಮಪ್ಪನ ಡಬ್ಬ್ಯಾಗ ಇಂಥಾವ ಕಡ್ಡಿ ಅದಾವಲ್ಲ?"

"ಅವು ಹೊರಗಿನ ಖೋಲ್ಯಾಗಿನ್ವು ಆಯಿ," ಅಂದೆ.

"ಅದಕ್ಕೇನು? ಬೆಂಕ್ಯಾಗ ಹೋಗಿ ಬಂದದ್ದಕ್ಕ ಎಂಥಾ ಮೈಲಿಗಿ. ತಗೊಂಬಾ."

ಆಯಿಯ ಲೆಕ್ಕದಲ್ಲಿ ಅದು ಸರಿಯಾಗಿತ್ತು. ಬೆಂಕಿ ದಾಟಿ ಬಂದದ್ದು ಮಡಿ. ಇದಕ್ಕೆ ಅಪ್ಪನ ಕಾರಣ ಬೇರೆ ಇತ್ತು, ಅದು ಬೆಂಕಿಯಿಂದ ಹೋಗುವಂಥದ್ದಲ್ಲ. ಆದರೆ ಆ ಕಾರಣವನ್ನು ಅವನು ಎಂದೂ ಬಿಡಿಸಿ ಹೇಳಿರಲಿಲ್ಲ. ನನಗೆ ಹೇಳುವ ಅಗತ್ಯವೂ ಇರಲಿಲ್ಲ. ಬೆಸುಗೆಯ ಲೋಹ ಎಂದರೆ ತವರ ಮತ್ತು ಸೀಸದ ಮಿಶ್ರಣ ಎಂದು ಆ ತಿಂಗಳ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಅದು ನೋಟುಬುಕ್ಕಿನ ಸೀಸ. ಮನೆಯ ಡಬ್ಬಿಯಲ್ಲಿರುವುದು ಅಪ್ಪನ ಕಡ್ಡಿ. ಎರಡೂ ಒಂದೇ ಎಂದು ನನಗೆ ಹೊಳೆಯಲಿಲ್ಲ. ಓಡಿಹೋಗಿ ಎರಡು ಕಡ್ಡಿ ತೆಗೆದೆ, ಮೇಲಿನ ಧೂಳು ಹೋಗಲೆಂದು ನೋಟುಬುಕ್ಕಿನ ಕೊನೆಯ ಹಾಳೆಯ ಮೇಲೆ ತಿಕ್ಕಿದೆ, ತಂದು ಹಸನಸಾಬನ ಕೈಯಲ್ಲಿಟ್ಟೆ. ಅವನು ಒಂದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದ. ಇನ್ನೊಮ್ಮೆ ಬಗ್ಗಿಸಿದ.

"ಇದು ಕೂಗವಲ್ದಲ್ಲ ತಂಗಿ. ಚೊಕ್ಕ ತವರ ಬಗ್ಗಿಸಿದ್ರ ಕರ್ ಅಂತ ಕೂಗ್ತೈತಿ."

ಗೊತ್ತಿಲ್ಲ ಅನ್ನಬಹುದಿತ್ತು. ಅಪ್ಪ ಬರಲಿ ಅನ್ನಬಹುದಿತ್ತು. ನಾನು ಹೇಳಿದೆ:

"ಭಾಳ ಸಲ ಕರಗಿಸಿದ್ದು ಕಾಕಾ, ಹಳೇದು. ಅದಕ್ಕ ಕೂಗೂದಿಲ್ಲ. ಇದೂ ತವರಾನ."

ಎಲ್ಲೂ ಓದದ ಮಾತು. ನಿಂತ ಜಾಗದಲ್ಲೇ ಹುಟ್ಟಿಸಿ ಹೇಳಿದ್ದು. ಹಸನಸಾಬ್ ನನ್ನ ಮುಖ ನೋಡಿದ, ಕಡ್ಡಿ ನೋಡಿದ.

"ಆತು ಬಿಡವಾ. ಕಾಲೇಜ್ ಕಲ್ತಾಕಿ ನೀನು, ನಿನಗ ಗೊತ್ತಿರ್ತೈತಿ."

ಪಾತೇಲಿ ಬೇರೆಲ್ಲ ಪಾತ್ರೆಗಳಿಗಿಂತ ಹೆಚ್ಚು ಹೊಳೆಯಿತು.

ಕುಬಸದ ದಿನ ಮನೆ ತುಂಬ ಓಣಿಯ ಹೆಂಗಸರು. ಹಸಿರು ಸೀರೆ, ಹಸಿರು ಬಳೆ, ದಂಡೆ ಮುಡಿದ ಅಕ್ಕ. ಒಲೆಯ ಮೇಲೆ ಪಾತೇಲಿಯಲ್ಲಿ ಸಾರು ಬೆಳಗಿನಿಂದ ಮರಳುತ್ತಿತ್ತು. ಅಕ್ಕ ಎರಡು ಸಲ ಅಡಿಗೆಮನೆಯ ಬಾಗಿಲಿಗೆ ಬಂದು ಕೇಳಿದಳು. ದೇವರಿಗೆ ಎಡೆ ಹಿಡಿಯುವತನಕ ಯಾರಿಗೂ ಇಲ್ಲವೆಂದು ಆಯಿ ಎರಡು ಸಲವೂ ಓಡಿಸಿದಳು. ಅಷ್ಟರಲ್ಲಿ ಕುಂಕುಮ ಕಟ್ಟಿಕೊಡಲು ಕಾಗದ ಬೇಕೆಂದು ಅವ್ವ ನನ್ನನ್ನು ಕಳಿಸಿದಳು. ನಾನು ಹೊರಗಿನ ಖೋಲಿಗೆ ಹೋಗಿ ನೋಟುಬುಕ್ಕಿನ ಕೊನೆಯ ಹಾಳೆ ಹರಿಯಲು ಹಿಡಿದೆ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಎಳೆದಂಥ ಬೂದು ಗೆರೆಗಳು. ನಾನು ಎಳೆದಿರಲಿಲ್ಲ. ಪೆನ್ಸಿಲಿನಿಂದ ಎಳೆದದ್ದೂ ಅಲ್ಲ. ಸೀಸ ಮೆತ್ತಗಿನ ಲೋಹ, ಕಾಗದದ ಮೇಲೆ ಗೆರೆ ಬಿಡುತ್ತದೆ. ಆ ವಾಕ್ಯ ಅದೇ ನೋಟುಬುಕ್ಕಿನಲ್ಲಿ, ನನ್ನದೇ ಅಕ್ಷರದಲ್ಲಿ, ಇಪ್ಪತ್ತು ಹಾಳೆ ಹಿಂದೆ ಇತ್ತು. ಅದರ ಮುಂದಿನ ವಾಕ್ಯವೂ ನೆನಪಿಗೆ ಬಂತು. ಹುಳಿಯಲ್ಲಿ ಕರಗುತ್ತದೆ, ವಿಷ, ಗರ್ಭಿಣಿಯರಿಗೆ ಮತ್ತು ಮಕ್ಕಳಿಗೆ ಹೆಚ್ಚು.

ಪಡಸಾಲೆಯಲ್ಲಿ ಕೂತವರ ನಡುವೆ ಹೇಗೆ ದಾಟಿದೆನೋ ಗೊತ್ತಿಲ್ಲ. ಯಾರದೋ ಆರತಿಯ ತಟ್ಟೆಗೆ ಕಾಲು ತಾಗಿತು. ಅಡಿಗೆಮನೆಯಲ್ಲಿ ಆಯಿ ಎಡೆ ಬಡಿಸುತ್ತಿದ್ದಳು. ಅಕ್ಕ ಕಾಣಲಿಲ್ಲ. ಕಾಳಿನ ಖೋಲಿಯ ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಆಯಿಯ ಕಣ್ಣು ತಪ್ಪಿಸಿ ಅವ್ವ ಮಗಳಿಗೆ ಒಂದು ಬಟ್ಟಲು ಸಾರು ಕೊಟ್ಟಿದ್ದಳು. ಅಕ್ಕ ಗೋಡೆಗೆ ಒರಗಿ, ಬಟ್ಟಲನ್ನು ತುಟಿಗೆ ಹಿಡಿದು ಊದುತ್ತಿದ್ದಳು. ನಾನು ಕೈ ಬೀಸಿ ಹೊಡೆದೆ. ಬಟ್ಟಲು ಗೋಡೆಗೆ ಬಡಿದು ನನ್ನ ಎಡಗಾಲಿನ ಮೇಲೆ ಬಿತ್ತು. ಕುದಿಯುವ ಸಾರಿನಲ್ಲಿ ಸುಟ್ಟ ಕಲೆ ಆ ಕಾಲಿನ ಮೇಲೆ ಇನ್ನೂ ಇದೆ.

"ಸಾರಿನ ಮ್ಯಾಲೆ ಇಷ್ಟು ಹೊಟ್ಟಿಕಿಚ್ಚೇನ ನಿನಗ?" ಅಕ್ಕ ನಗಲು ನೋಡಿದಳು, ನನ್ನ ಮುಖ ಕಂಡು ನಿಂತಳು.

ಆಯಿ ಬಂದಳು. "ಬಸರಿ ಕೈಯಾಗಿಂದು ಚೆಲ್ಲಿದಿ. ಅದೂ ಇವತ್ತ. ಏನ್ ಬಡದೈತಿ ನಿನಗ ಹುಚ್ಚಿ?"

ಬೂದು ಗೆರೆಯ ಹಾಳೆಯನ್ನು ಆಯಿಯ ಮುಂದೆ ಹಿಡಿದೆ. ಅವಳಿಗೆ ಅದರಿಂದ ಏನು ತಿಳಿಯಬೇಕು. ಸದ್ದಿಗೆ ಅಪ್ಪ ಬಂದ. "ಕಡ್ಡಿ, ಪಾತೇಲಿಗೆ ನಿನ್ನ ಡಬ್ಬೀ ಕಡ್ಡಿ," ಅಂದೆ. ಅಷ್ಟೇ ಸಾಕಾಯಿತು. ಅವನ ಮುಖದ ರಕ್ತ ಇಳಿದದ್ದನ್ನು ನೋಡಿದೆ. ಅವನು ಅಕ್ಕನ ಕಡೆ ತಿರುಗಿದ.

"ಎಷ್ಟು ಕುಡದಿ ನೀಲಾ?"

"ಎರಡು ಗುಟುಕು."

"ಖರೇ ಹೇಳವಾ."

"ಖರೇನ ಅಪ್ಪಾ. ಬಾಯಿ ಸುಡತಿತ್ತು. ಊದಿ ಊದಿ ಎರಡ ಗುಟುಕು."

ಅಪ್ಪ ಪಾತೇಲಿಯನ್ನು ಒಲೆಯಿಂದ ಇಳಿಸಿ ಹಿತ್ತಲಿಗೆ ಒಯ್ದ. ಆಕಳ ಬಾನಿಗೆ ಸುರಿಯಲು ಅವ್ವ ಬಾಗಿದಾಗ ಕೈ ಹಿಡಿದು ತಡೆದು, ಗುಂಡಿ ತೋಡಿ ಸಾರೆಲ್ಲ ಸುರಿದು ಮಣ್ಣು ಮುಚ್ಚಿದ. ತೆಗೆದಿಟ್ಟಿದ್ದ ಕಟ್ಟಿನಲ್ಲಿ ಅವ್ವ ಸ್ಟೀಲಿನ ಪಾತೇಲಿಯಲ್ಲೇ ಬೇರೆ ಸಾರು ಮಾಡಿದಳು. ಊಟಕ್ಕೆ ಕೂತ ನೆರೆಮನೆಯ ಗಂಗವ್ವ ಸೊರ್ ಎಂದು ಸಾರು ಹೀರಿ, "ಏನ ಅನ್ರಿ ಆಯಾರ, ಹಿತ್ತಾಳಿ ಪಾತೇಲಿ ಸಾರಿನ ರುಚೀನ ಬ್ಯಾರೆ," ಅಂದಳು. ಆಯಿ ತಲೆ ಎತ್ತಲಿಲ್ಲ. ಅವ್ವನೂ ಗೆದ್ದ ಮುಖ ಮಾಡಲಿಲ್ಲ.

ಸಂಜೆಗೆ ಟಾಂಗಾದಲ್ಲಿ ಗದಗಿನ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಎಲ್ಲ ಕೇಳಿ, ಅಕ್ಕನ ಹೊಟ್ಟೆಯ ಮೇಲೆ ಕೊಳವೆಯಿಟ್ಟು ಆಲಿಸಿ, ಎರಡು ಗುಟುಕಿಗೆ ಹೆದರಬೇಕಿಲ್ಲ ಎಂದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ದಿನಾ ಅದರಾಗ ಉಂಡಿದ್ರ ಮಾತು ಬ್ಯಾರೆ ಆಗ್ತಿತ್ತು," ಎಂದರು. ನಾನು ಇಷ್ಟು ವರ್ಷ ತಿರುತಿರುಗಿ ಹೋಗಿ ನಿಲ್ಲುವುದು ಆ ಮಾತಿನ ಮುಂದೆ. ಆಯಿ ಆ ಪಾತೇಲಿಯಲ್ಲಿ ದಿನಾ ಸಾರು ಮಾಡುವವಳಿದ್ದಳು, ಇನ್ನೆರಡು ತಿಂಗಳು, ಮೇಲೆ ಬಾಣಂತನ. ಅವ್ವ ಬೇರೆ ಕಾಗದ ತರಲು ಹೇಳಿದ್ದರೆ? ನಾನು ಕಡ್ಡಿಯನ್ನು ಲಂಗಕ್ಕೆ ಒರೆಸಿಕೊಂಡಿದ್ದರೆ? ಸಾರು ಆರಿದ್ದರೆ? ಹೀಗೆ ಎಣಿಸುತ್ತ ಹೋಗುತ್ತೇನೆ. ಪ್ರತಿ ಸಲವೂ ಕೊನೆಗೆ ಟಾಂಗಾದಲ್ಲಿ ಅಕ್ಕ ನನ್ನ ತೊಡೆಯ ಮೇಲೆ ಕೈಯಿಟ್ಟು ನಿದ್ದೆಹೋದದ್ದು ನೆನಪಾಗಿ ಉಸಿರು ಬಿಡುತ್ತೇನೆ.

ಮುಂದಿನ ವಾರ ಹೇಳಿದಂತೆ ಹಸನಸಾಬ್ ಬಂದ. ಸುದ್ದಿ ಕೇಳಿ ಕಟ್ಟೆಯ ಮೇಲೆ ಕೂತುಬಿಟ್ಟ. ಬೈಯುತ್ತಾನೆಂದು ನಾನು ಬಾಗಿಲ ಹಿಂದೆ ನಿಂತಿದ್ದೆ.

"ಐವತ್ತು ವರ್ಷದ್ದು ಈ ಕಿವಿ," ಅಂದ ಅಪ್ಪನಿಗೆ. "ಕೂಗಲಿಲ್ಲ ಅಂತ ಹೇಳ್ತು. ನಾ ಅದನ್ನ ಬಿಟ್ಟು ಹುಡುಗಿ ಮಾತು ಕೇಳಿದೆ. ಆಕೀಗೆ ಬೈಬ್ಯಾಡ್ರಿ, ತಪ್ಪು ನಂದೂ ಐತಿ."

ಇಬ್ಬರೂ ಸೇರಿ ಪಾತೇಲಿಯಿಂದ ಸೋಲ್ಡರ್ ತೆಗೆಯಲು ಕೂತರು. ಪಾತೇಲಿ ಕಾದಾಗ ಹಸನಸಾಬ್ ಮೊದಲು ಅದಕ್ಕೆ ತನ್ನ ಚೊಕ್ಕ ತವರ ತಾಗಿಸಿದ. ಹಳೆಯದು ಹೊಸದರಲ್ಲಿ ಬೆರೆತು ಕರಗಿತು, ಅರಳೆಯಿಂದ ಒರೆಸಿ ಎಸೆದ. ಅಪ್ಪ ನನ್ನ ಕಡೆ ನೋಡಿದ. ನಾವು ಬೋರ್ಡಿನ ಮೇಲೆ ಮಾಡುತ್ತಿದ್ದದ್ದೇ ಅದು. ಮೂರು ಸಲ ಹಾಗೆ ಹಾಕಿ, ಒರೆಸಿ, ಹಾಕಿ, ಒರೆಸಿದರು.

"ಈಗ ಹೋತೇನು?" ಅಪ್ಪ ಕೇಳಿದ.

"ಕಣ್ಣಿಗೆ ಹೋತ್ರಿ. ನಿಮ್ಮ ಬೋರ್ಡ್ ಆಗಿದ್ರ ಸಾಕು ಅಂತಿದ್ದೆ. ಉಣ್ಣೂ ಪಾತೇಲಿಗೆ ನಾ ಆಣಿ ಮಾಡಿ ಹೇಳಾಂಗಿಲ್ಲ."

ಕಟ್ಟೆಯ ಮೇಲಿಂದ ಎಲ್ಲ ನೋಡುತ್ತಿದ್ದ ಆಯಿ ಎದ್ದಳು. ಆರಿದ ಪಾತೇಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಬದುಕಿನಲ್ಲಿ ಮೊದಲ ಸಲ ಅಪ್ಪನ ಖೋಲಿಯ ಒಳಗೆ ಹೋದಳು. ರೇಡಿಯೋಗಳ ನಡುವೆ ಜಾಗ ಹುಡುಕಿ ಅದನ್ನು ಕೆಳಗಿಟ್ಟಳು. "ಇದು ಇನ್ನ ಇಲ್ಲಿದು," ಎಂದಳು. ಅಂದಿನಿಂದ ಪಂಪಿನ ಚೂರುಗಳನ್ನು ಅಪ್ಪ ಅದರಲ್ಲೇ ಸುರಿಯತೊಡಗಿದ. ಶಿರಹಟ್ಟಿಯ ಪಾತೇಲಿಯ ತಳದಲ್ಲಿ ಅವು ಟಣ್ ಟಣ್ ಎಂದು ಬೀಳುತ್ತಿದ್ದವು.

ಎಂಟು ದಿನ ನಾನು ಐರನ್ನು ಹಿಡಿದಿರಲಿಲ್ಲ. ಒಂಬತ್ತನೆಯ ದಿನ ಅಪ್ಪ ಬೋರ್ಡನ್ನು ಎದುರಿಗಿಟ್ಟ. ಕೊನೆಯ ಚಿಪ್ಪು, ಹದಿನಾರು ಕಾಲು. ಅವನು ಬಿಸಿ ಹಿಡಿದ, ನಾನು ಹೀರಿದೆ. ಪ್ರತಿಯೊಂದನ್ನೂ ಅಲುಗಾಡಿಸಿ ನೋಡಿದೆ, ಎಲ್ಲ ಬಿಟ್ಟಿದ್ದರೂ ಮತ್ತೊಮ್ಮೆ ನೋಡಿದೆ. ಅಪ್ಪ ಆತುರ ಮಾಡಲಿಲ್ಲ. ಚಿಪ್ಪು ತಾನೇ ಎದ್ದು ಬಂತು, ತಾಮ್ರದ ಗೆರೆಗಳೆಲ್ಲ ಹಾಗೇ ಇದ್ದವು. ಹೊಸ ಚಿಪ್ಪು ಹಾಕಿ ಕೊಟ್ಟ ಮೇಲೆ ಆ ಯಂತ್ರದ ಪರದೆಯ ಮೇಲೆ ಹಸಿರು ಅಕ್ಷರ ಮೂಡಿದವೆಂದು ಕಾಲೇಜಿನವರು ಬಂದು ಹೇಳಿದರು. ಅಪ್ಪ ಖುಷಿಪಟ್ಟ. ನಾನು ಕಾಯುತ್ತಿದ್ದದ್ದು ಬೇರೆ.

ಅದು ದಸರೆಯ ನಂತರ ಬಂತು. ಒಂದು ಮಧ್ಯಾಹ್ನ, ದವಾಖಾನೆಯ ಪಡಸಾಲೆಯಲ್ಲಿ ನಾವೆಲ್ಲ ಕೂತಿದ್ದಾಗ, ಒಳಗಿನಿಂದ ಜೋರಾದ ಅಳು. ಡಾಕ್ಟರಮ್ಮ ಹೊರಗೆ ಬಂದು, ಹೆಣ್ಣು, ತಾಯಿ ಮಗು ಗಟ್ಟಿಯಾಗಿದ್ದಾರೆ ಎಂದರು. ಅವರು ಹೇಳಿದ್ದನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದೆ. ಹೇಳಿದರು. ಆ ಮಗು ಮಾತಾಡಿತು, ನಡೆಯಿತು, ಲೆಕ್ಕದಲ್ಲಿ ನನಗಿಂತ ಮುಂದಾಯಿತು. ಅವಳ ಪ್ರತಿ ಹುಟ್ಟುಹಬ್ಬಕ್ಕೂ ನನಗಾಗುವ ಹಗುರ ಬೇರೆ ಯಾರಿಗೂ ಆಗುತ್ತಿರಲಿಕ್ಕಿಲ್ಲ.

ಮರುವರ್ಷ ಬೇವಿನ ಗಿಡದ ಕೆಳಗೆ ಹಸನಸಾಬ್ ಮತ್ತೆ ಕುಣಿ ತೋಡಿದ. ಅಕ್ಕ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಟ್ಟೆಯ ಮೇಲಿದ್ದಳು. ಅವನು ತವರದ ಕಡ್ಡಿಯನ್ನು ಚೀಲದಿಂದ ತೆಗೆದು ಪಾತ್ರೆಗೆ ತಾಗಿಸದೆ ನನ್ನ ಕಡೆ ಚಾಚಿದ.

"ಮೊದಲ ನೀ ಕೇಳವಾ ತಂಗಿ."

ಕಿವಿಯ ಹತ್ತಿರ ಹಿಡಿದು ಬಗ್ಗಿಸಿದೆ. ಹುರಿದ ಪುಠಾಣಿ ಕಾಳು ಕಚ್ಚಿದಂಥ ಸಣ್ಣ ಸದ್ದು. ಇಷ್ಟು ವರ್ಷ ಆ ಅಂಗಳದಲ್ಲಿದ್ದೂ ನಾನು ಅದನ್ನು ಕೇಳಿರಲೇ ಇಲ್ಲ.

"ಕೂಗ್ತು ಕಾಕಾ."

ಅವನು ತಿದಿಗೆ ಕೈ ಹಾಕುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಆಯಿ ಕೆಳಗಿಳಿದು ಬಂದಳು. ಕಿವಿಯ ಮೇಲಿನ ಸೆರಗು ಸರಿಸಿ ನನ್ನ ಕೈಯ ಹತ್ತಿರ ಬಾಗಿದಳು.

"ಇನ್ನೊಮ್ಮೆ ಬಗ್ಗಸು. ನನಗೂ ಕೇಳ್ಲಿ."